ಮಾತು ನಡೆಯುವ ಮನೆ

ಧ್ವನಿ ಆದೇಶದ ಯಂತ್ರವನ್ನು ಮನೆಗೆ ಹಾಕಿಸುವ ಮುನ್ನ ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಇದು ನಮ್ಮ ವೃತ್ತಿಯ ಮೊದಲ ನಿಯಮ. ಡಬ್ಬಿಯ ಜೊತೆ ಬರುವ ಕೈಪಿಡಿಯಲ್ಲಿ ಇದು ಸಿಗುವುದಿಲ್ಲ. ಅದರಲ್ಲಿ ಆ್ಯಪ್ ಇಳಿಸಿಕೊಳ್ಳುವುದು, ವೈ-ಫೈ ಪಾಸ್‌ವರ್ಡ್ ಹಾಕುವುದು, ದೀಪ ಮಿನುಗುವವರೆಗೆ ಗುಂಡಿ ಅದುಮಿ ಹಿಡಿಯುವುದು, ಇಷ್ಟೇ ಇರುತ್ತದೆ. ಅಷ್ಟು ಮಾಡಿ ಮುಗಿಸಿ ದುಡ್ಡು ತೆಗೆದುಕೊಂಡು ಹೋಗುವವರನ್ನು ಎಲೆಕ್ಟ್ರಿಷಿಯನ್ ಎನ್ನುತ್ತಾರೆ. ನಾನು ಸಲಹೆಗಾರ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ನನ್ನ ಕಾರ್ಯಕ್ಷೇತ್ರ. ಹಾರೋಹಳ್ಳಿ ಈಚೆಗೆ ಬೇರೆ ತಾಲ್ಲೂಕಾಗಿದೆ. ಅಲ್ಲಿಯ ಜವಾಬ್ದಾರಿಯನ್ನು ನಾನಿನ್ನೂ ಒಪ್ಪಿಕೊಂಡಿಲ್ಲ.

ಯಂತ್ರದ ಕೆಲಸ ಹೀಗೆ. ಸ್ವಿಚ್ ಬೋರ್ಡಿನ ಹಿಂದೆ, ಇಲ್ಲವೇ ಪ್ಲಗ್ಗಿನ ಮೇಲೆ, ವೈ-ಫೈ ಹಿಡಿಯುವ ಒಂದು ಸಣ್ಣ ಸಾಧನ ಕೂರಿಸುತ್ತೇವೆ. ನಡುಮನೆಯಲ್ಲಿ ಒಂದು ಸ್ಪೀಕರ್ ಇಡುತ್ತೇವೆ. ಅದು ಹಗಲೂ ರಾತ್ರಿ ಕಿವಿ ತೆರೆದುಕೊಂಡೇ ಇರುತ್ತದೆ, ಆದರೆ ಹೆಸರು ಹಿಡಿದು ಕರೆಯುವ ತನಕ ಏನೂ ಕೇಳಿಸದವರಂತೆ ಕೂತಿರುತ್ತದೆ. ಕರೆದ ಮೇಲೆ ಹೇಳಿದ ಮಾತನ್ನು ಎಲ್ಲೋ ದೂರದ ಸರ್ವರಿಗೆ ಕಳಿಸಿ, ಅಲ್ಲಿಂದ ಅಪ್ಪಣೆ ತರಿಸಿಕೊಂಡು, ಕೈಗೆಟಕುವ ದೂರದಲ್ಲಿರುವ ಬಲ್ಬನ್ನು ಹೊತ್ತಿಸುತ್ತದೆ. ನಮಗೆ ಬೇಕಾದ ಮಾತಿಗೆ ಬೇಕಾದ ಕೆಲಸ ಆಗಬೇಕೆಂದರೆ ಆ್ಯಪಿನಲ್ಲಿ ರೂಟೀನ್ ಎನ್ನುವ ಕಡೆ ಆ ಮಾತನ್ನು ಬರೆದು, ಅದರ ಕೆಳಗೆ ಆಗಬೇಕಾದ್ದನ್ನೆಲ್ಲ ಸಾಲಾಗಿ ಜೋಡಿಸಬೇಕು. ಬೆಳಗಿನ ಮಾತು ಒಂದು ಹೇಳಿದರೆ ಗೀಸರ್ ಹತ್ತಿ, ಹಿತ್ತಿಲ ದೀಪ ಆರಿ, ಸುಪ್ರಭಾತ ಶುರುವಾಗಬೇಕು. ಒಂದು ಮಾತಿಗೆ ಮೂರು ಕೆಲಸ. ನಮ್ಮ ಕಡೆಯ ಮನೆಗಳಲ್ಲಿ ಮೂರು ಮಾತಿಗೆ ಒಂದು ಕೆಲಸ ಆಗುವ ಪದ್ಧತಿ ಇರುವುದರಿಂದ, ಇದನ್ನು ಪ್ರಗತಿ ಎಂದೇ ಪರಿಗಣಿಸಬೇಕಾಗುತ್ತದೆ.

ಮೊದಲ ತೊಡಕು ಕರೆಯುವುದರಲ್ಲೇ ಬರುತ್ತದೆ. ಸ್ಪೀಕರನ್ನು ಕರೆಯುವ ಅಲೆಕ್ಸಾ ಎಂಬ ಹೆಸರನ್ನು ಪ್ರಾಚೀನ ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ನೆನಪಿಗೆ ಇಟ್ಟರಂತೆ. ಬೇಡವೆಂದರೆ ಎಕೋ, ಕಂಪ್ಯೂಟರ್ ಮುಂತಾದ ಕಂಪನಿಯ ಪಟ್ಟಿಯಲ್ಲಿರುವ ಬದಲಿ ಹೆಸರುಗಳನ್ನು ಆರಿಸಿಕೊಳ್ಳಬಹುದು. ನಮ್ಮಿಷ್ಟದ ಹೆಸರು ಇಡಲು ಅವಕಾಶವಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ತಲತಲಾಂತರದಿಂದ ಬಳಕೆಯಲ್ಲಿರುವ ಕರೆಯೆಂದರೆ 'ಲೇ'. ಇದಕ್ಕೆ ಮಗ, ತಮ್ಮ, ಆಳು, ಎತ್ತು ಎಲ್ಲರೂ ತಿರುಗಿ ನೋಡುತ್ತಾರೆ. ಯಾರಿಗೆ ಹೇಳಿದ್ದೆಂಬುದು ದನಿಯ ಏರಿಳಿತದಲ್ಲಿ ತಿಳಿಯುತ್ತದೆ. ಕಂಪನಿ ಇನ್ನೂ ಆ ಮಟ್ಟಕ್ಕೆ ಬಂದಿಲ್ಲ. ಇನ್ನು ಹಿರಿಯ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವವರಲ್ಲ. ಐವತ್ತು ವರ್ಷದ ಸಂಸಾರವನ್ನು 'ಏನೂಂದ್ರೆ' ಎಂಬ ಒಂದೇ ಪದದಲ್ಲಿ ನಡೆಸಿದವರಿಗೆ, ಡಬ್ಬಿಯೊಂದನ್ನು ಹೆಸರು ಹಿಡಿದು ಕೂಗಿ ಎಂದು ಹೇಳುವುದು ನನಗೂ ಮುಜುಗರದ ಸಂಗತಿ. ಸಾತನೂರು ಕಡೆಯ ಒಂದು ಮನೆಯಲ್ಲಿ ಸ್ಪೀಕರ್ ಇಟ್ಟು ಪರಿಚಯ ಮಾಡಿಕೊಟ್ಟಾಗ, ಅಜ್ಜಿ ಅದರ ಮುಂದೆ ಕೂತು ಕಾಲು ನೀಡಿ ಕೇಳಿದರು: "ಯಾವೂರವ್ವ ನಿಂದು? ಯಾರ್ ಮನೆ ಎಣ್ಣು?" ಯಂತ್ರ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿತು. "ಪಾಪ, ಅಪ್ಪ ಅವ್ವ ಇಲ್ವೇನೋ" ಎಂದು ಅಜ್ಜಿ ಎದ್ದರು. ಆ ಮನೆಯ ವಿಷಯ ಮುಂದೆ ಬರುತ್ತದೆ.

ಭಾಷೆಯ ಸ್ಥಿತಿಗತಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅಲೆಕ್ಸಾ ಭಾರತಕ್ಕೆ ಬಂದದ್ದು 2017ರಲ್ಲಿ, ಹಿಂದಿ ಕಲಿತದ್ದು 2019ರಲ್ಲಿ. ಕನ್ನಡದ ಸರದಿ ಇನ್ನೂ ಬಂದಿಲ್ಲ. ಗೂಗಲ್‌ನ ಜೆಮಿನೈ ಆ್ಯಪ್ 2024ರ ಜೂನ್‌ನಲ್ಲಿ ಕನ್ನಡವೂ ಸೇರಿದಂತೆ ಒಂಬತ್ತು ಭಾರತೀಯ ಭಾಷೆಗಳಲ್ಲಿ ಬಂತು. ಅದರೊಂದಿಗೆ ಫೋನಿನಲ್ಲಿ ಪಟ್ಟಾಂಗ ಹೊಡೆಯಬಹುದು. ಆದರೆ ನಡುಮನೆಯಲ್ಲಿ ಕೂತ ಸ್ಪೀಕರ್ ಇಂಗ್ಲಿಷ್ ಕಿವಿಯದು. ಅದಕ್ಕೆ ಕನ್ನಡದಲ್ಲಿ ಏನು ಹೇಳಿದರೂ ತನಗೆ ಗೊತ್ತಿರುವ ಯಾವುದಾದರೂ ಇಂಗ್ಲಿಷ್ ಪದಕ್ಕೆ ತಂದು ಕಟ್ಟುತ್ತದೆ. ಸಾಮಾನ್ಯ ತಂತ್ರಜ್ಞರು ಇಲ್ಲಿ ಕೈಚೆಲ್ಲಿ ಗಿರಾಕಿಗೆ ಇಂಗ್ಲಿಷ್ ಕಲಿಸಲು ಹೊರಡುತ್ತಾರೆ. ನನ್ನ ವಿಧಾನ ಬೇರೆ. ಗಿರಾಕಿ ತನ್ನ ಬಾಯಿಗೆ ಬಂದಂತೆ ಹೇಳಲಿ. ಆಮೇಲೆ ಆ್ಯಪಿನ ಧ್ವನಿ ಇತಿಹಾಸ ತೆಗೆದು, ಯಂತ್ರ ಅದನ್ನು ಏನೆಂದು ಕೇಳಿಸಿಕೊಂಡಿದೆಯೋ ನೋಡಿ, ಆ ತಪ್ಪನ್ನೇ ಆದೇಶವಾಗಿ ಬರೆದುಬಿಡಬೇಕು.

ಸಾತನೂರಿನ ಮನೆಯ ಯಜಮಾನರು ಪಂಪು ಶುರು ಮಾಡಲು ಹೇಳುವ ಮಾತು "ಮೋಟ್ರಾಕ್ಲಾ". ಇತಿಹಾಸದಲ್ಲಿ ನೋಡಿದರೆ 'ಮೊಟೊರೋಲಾ' ಎಂದು ದಾಖಲಾಗಿತ್ತು. ಹಾಗೆಯೇ ಬರೆದೆ. ನಿಲ್ಲಿಸುವಾಗ ಅವರು "ಮೋಟ್ರ್ ನಿಲ್ಸು" ಎನ್ನುತ್ತಾರೆ. ಯಂತ್ರಕ್ಕೆ ಅದು 'ಮಾಸ್ಟರ್ ನೆಲ್ಸನ್'. ಅದನ್ನೂ ಬರೆದೆ. ಶಾಲೆಗೆ ಹೋಗುವ ಮೊಮ್ಮಗಳು ಹಕಾರ ಬಿಡದೆ "ಮೋಟರ್ ಹಾಕು" ಎಂದು ಶುದ್ಧವಾಗಿ ಹೇಳುತ್ತಾಳೆ. ಅದು 'ಮೋಟರ್ ಹೈಕು' ಆಯಿತು. ಹೀಗೆ ಆ ಮನೆಯ ಐದು ಎಚ್‌ಪಿ ಪಂಪು ತಾತನಿಗೆ ಫೋನಿನ ಕಂಪನಿಯ ಹೆಸರಲ್ಲೂ ಮೊಮ್ಮಗಳಿಗೆ ಜಪಾನಿ ಪದ್ಯದ ಹೆಸರಲ್ಲೂ ಓಡುತ್ತದೆ, ನೆಲ್ಸನ್ ಮೇಷ್ಟ್ರ ಹೆಸರಿಗೆ ನಿಲ್ಲುತ್ತದೆ. ತಾಂತ್ರಿಕವಾಗಿ ಇದರಲ್ಲಿ ಯಾವ ದೋಷವೂ ಇಲ್ಲ. ತಾತನಿಗೆ ನೆಗಡಿಯಾದಾಗ ಮಾತ್ರ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗುತ್ತದೆ. ಅದಕ್ಕೆ ಪ್ರತ್ಯೇಕ ಶುಲ್ಕವುಂಟು.

ಎರಡನೆಯದು ಹೆಸರಿಡುವ ಶಾಸ್ತ್ರ. 'ಲೈಟ್ 1', 'ಲೈಟ್ 2' ಎಂದು ಬರೆದು ಹೋಗುವವರಿದ್ದಾರೆ. ಹಳ್ಳಿ ಮನೆಯಲ್ಲಿ ಯಾವ ದೀಪವನ್ನೂ ಯಾರೂ ಹಾಗೆ ಕರೆಯುವುದಿಲ್ಲ. ಅಲ್ಲಿರುವುದು ಕೊಟ್ಟಿಗೆ ಲೈಟು, ಅಟ್ಟದ ಲೈಟು, ದೊಡ್ಡೋಳ್ ಮದ್ವೇಲಿ ಹಾಕ್ಸಿದ್ ಲೈಟು, ಮತ್ತು 'ಆ ಕಡೆ ಲೈಟು'. ಈ ಕೊನೆಯದು ಮಾತಾಡುವವರು ಎಲ್ಲಿ ಕೂತಿದ್ದಾರೆ ಎಂಬುದರ ಮೇಲೆ ಬೇರೆ ಬೇರೆ ದೀಪವಾಗುತ್ತದೆ. ಹೆಸರನ್ನು ಆಗಾಗ ಬದಲಿಸುವ ಚಟವೂ ಒಳ್ಳೆಯದಲ್ಲ ಎಂದು ಗಿರಾಕಿಗಳಿಗೆ ಹೇಳುತ್ತೇನೆ, ಬದಲಿಸಿದರೆ ಹಳೆಯ ಹೆಸರಿನ ಆದೇಶ ನಡೆಯುವುದಿಲ್ಲ. ಇದಕ್ಕೆ ನಮ್ಮಲ್ಲೇ ದೊಡ್ಡ ಪ್ರಮಾಣದ ಉದಾಹರಣೆಯಿದೆ. ಟಿಪ್ಪು ಕಾಲದಲ್ಲಿ ಶಂಸೇರಾಬಾದ್ ಆಗಿದ್ದ ಊರು, ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಯಿತು, ಕೆಂಗಲ್ ಹನುಮಂತಯ್ಯನವರಿಂದ ರಾಮನಗರವಾಯಿತು, 2007ರಲ್ಲಿ ಅದೇ ಹೆಸರಿನ ಜಿಲ್ಲೆಯಾಯಿತು, 2025ರಲ್ಲಿ ಆ ಜಿಲ್ಲೆ ಬೆಂಗಳೂರು ದಕ್ಷಿಣವೆಂದು ಮರುನಾಮಕರಣಗೊಂಡಿತು. ಸಾಧನ ಅದೇ, ಜಾಗ ಅದೇ. ಜನ ಈಗಲೂ ಹಳೆಯ ಆದೇಶವನ್ನೇ ಕೊಡುತ್ತಾರೆ: ಬಸ್ ಹತ್ತಿ 'ರಾಮ್‌ನಗ್ರ ಒಂದು' ಎಂದರೆ ಕಂಡಕ್ಟರ್ ಟಿಕೆಟ್ ಹರಿದು ಕೊಡುತ್ತಾರೆ. ಹಳೆಯ ಹೆಸರನ್ನು ಬಿಡದೆ ಉಳಿಸಿಕೊಂಡ ಇನ್ನೊಂದು ವಸ್ತು ಇಲ್ಲಿಯ ಕಲ್ಲು. ಭೂವಿಜ್ಞಾನಿಗಳಿಗೆ ಅದು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟೇ. ವಯಸ್ಸು ಸುಮಾರು 250 ಕೋಟಿ ವರ್ಷ. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಸ್ಮಾರ್ಟ್ ಪ್ಲಗ್ಗುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈ-ಫೈ ಮಾತ್ರ ಹಿಡಿಯುತ್ತವೆ. ನಡುಮನೆಯ ರೂಟರಿನಿಂದ ಹೊರಟ ಸಿಗ್ನಲ್ ಹಿತ್ತಿಲ ಮೋಟರ್ ತಲುಪಬೇಕಾದರೆ ಕಲ್ಲು ಕಂಬ, ಚಪ್ಪಡಿ, ಕಲ್ಲುಗೋಡೆಗಳನ್ನು ದಾಟಬೇಕು. 250 ಕೋಟಿ ವರ್ಷದ ಹಿರಿಯರೆದುರು ಮೊನ್ನೆಯ ರೂಟರ್ ಹಿಂಜರಿಯುವುದು ಸಹಜ. ಅಜ್ಜಿಯ ದನಿ ಮಾತ್ರ ಅದೇ ಗೋಡೆಯನ್ನು ದಾಟಿ, ಹಿತ್ತಿಲು ದಾಟಿ, ಹಿಪ್ಪುನೇರಳೆ ತೋಟದ ಕೊನೆಯಲ್ಲಿ ಫೋನ್ ನೋಡುತ್ತ ನಿಂತ ಹುಡುಗನನ್ನು ತಲುಪುತ್ತದೆ. ಅದರ ಗಿಗಾಹರ್ಟ್ಸ್ ಅಳೆಯುವ ಉಪಕರಣ ನನ್ನ ಬಳಿ ಇಲ್ಲ.

ದನಿಯ ವ್ಯಾಪ್ತಿಯ ವಿಷಯಕ್ಕೆ ಬಂದರೆ ರಾಮದೇವರ ಬೆಟ್ಟವನ್ನು ಬಿಡುವಂತಿಲ್ಲ. 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರೀಕರಣವಾದದ್ದು ಅಲ್ಲಿ. ಅದರ ಖಳನಾಯಕನ ಹೆಸರೊಂದನ್ನೇ ಹೇಳಿ, ಎಷ್ಟೋ ಹರದಾರಿ ದೂರದ ಊರುಗಳ ತಾಯಂದಿರು ಮಕ್ಕಳನ್ನು ಮಲಗಿಸುತ್ತಿದ್ದರೆಂದು ಆ ಚಿತ್ರದಲ್ಲಿ ಬರುತ್ತದೆ. ಸ್ಪೀಕರ್ ಇಲ್ಲ, ಇಂಟರ್‌ನೆಟ್ ಇಲ್ಲ, ತಿಂಗಳ ಶುಲ್ಕವಿಲ್ಲ. ಮಲಗುವ ರೂಟೀನನ್ನು ಇಷ್ಟು ವಿಸ್ತಾರವಾದ ಪ್ರದೇಶದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಜಾರಿಗೆ ತಂದ ಇನ್ನೊಂದು ಪ್ರಯೋಗ ನನ್ನ ಗಮನಕ್ಕೆ ಬಂದಿಲ್ಲ. ಈಗ ಆ ಬೆಟ್ಟ ರಣಹದ್ದುಗಳ ವನ್ಯಧಾಮ, ಗಟ್ಟಿಯಾಗಿ ಮಾತಾಡಬಾರದು.

ಇನ್ನು ಮಾತಿನ ಅರ್ಥ. ಮನೆ ಬಿಟ್ಟು ಹೊರಡುವಾಗ ಎಲ್ಲ ಆರಿಸುವ ರೂಟೀನಿಗೆ ಕೈಪಿಡಿಯವರು 'ನಾನು ಹೋಗುತ್ತಿದ್ದೇನೆ' ಎಂಬರ್ಥದ ಮಾತು ಬರೆಯಿರಿ ಎನ್ನುತ್ತಾರೆ. ಹೊಸ್ತಿಲಲ್ಲಿ ನಿಂತು ಆ ಮಾತಾಡಿದರೆ ಒಳಗಿನಿಂದ ಮೂರು ಜನ "ಬಿಡ್ತು ಅನ್ನು" ಎಂದು ಓಡಿ ಬರುತ್ತಾರೆ. ಆದ್ದರಿಂದ ಹೊರಡುವವರ ಆದೇಶ 'ಬತ್ತೀನಿ'. ಇದನ್ನು ಕೇಳಿದೊಡನೆ ಯಂತ್ರ ದೀಪ ಆರಿಸಬೇಕು. 'ಬಂದೆ' ಎಂದರೆ ಇನ್ನೂ ಎದ್ದಿಲ್ಲ ಎಂದು ತಿಳಿದು ಸುಮ್ಮನಿರಬೇಕು. ಬೆಂಗಳೂರಿನಲ್ಲಿರುವ ಮಗ ಶನಿವಾರ ಸಂಜೆ ಫೋನ್ ಮಾಡಿ "ಬಿಡದಿ ದಾಟ್ದೆ" ಎಂದರೆ ಅವನು ಕೆಂಗೇರಿಯಲ್ಲಿದ್ದಾನೆಂದು ಲೆಕ್ಕ. ಗೀಸರನ್ನು ಇನ್ನೊಂದು ಗಂಟೆ ತಡೆದು ಹಾಕಬೇಕು, ಅವನು ತಟ್ಟೆ ಇಡ್ಲಿಗೆ ನಿಲ್ಲುವ ಹೊತ್ತನ್ನೂ ಸೇರಿಸಿಕೊಳ್ಳಬೇಕು. ಸಾಮಾನು ಪಟ್ಟಿಯದೂ ಇದೇ ಕಷ್ಟ. ದೇವರ ಮನೆಯಿಂದ "ಕುಂಕುಮ ಹೆಚ್ಚಿದೆ" ಎಂಬ ಮಾತು ಬಂದರೆ ಭರಣಿ ಬರಿದಾಗಿದೆ ಎಂದರ್ಥ. ಯಂತ್ರ ಅದನ್ನು ದಾಸ್ತಾನು ಹೆಚ್ಚಳವೆಂದು ಬಗೆದು ಪಟ್ಟಿಯಿಂದ ತೆಗೆದುಹಾಕದಂತೆ ನೋಡಿಕೊಳ್ಳುವುದು ಸಲಹೆಗಾರನ ಹೊಣೆ.

ರೇಷ್ಮೆ ಹುಳು ಮನೆಗೆ ಧ್ವನಿ ಆದೇಶ ಹಾಕಿಸಿಕೊಡಿ ಎಂಬ ಬೇಡಿಕೆ ಈಗೀಗ ಹೆಚ್ಚು. ವಿಷಯ ಗಂಭೀರವಾದ್ದರಿಂದ ಸ್ವಲ್ಪ ನಿಂತು ಹೇಳಬೇಕು. ಚಾಕಿ, ಅಂದರೆ ಮರಿ ಹಂತದಲ್ಲಿ ಹುಳುವಿಗೆ ಶಾಖ 27-28 ಡಿಗ್ರಿ, ತೇವಾಂಶ ಶೇಕಡ 85ರ ಹತ್ತಿರ ಬೇಕು. ದೊಡ್ಡದಾಗುತ್ತ ಬಂದಂತೆ 24-25 ಡಿಗ್ರಿ, ಶೇಕಡ 70 ಸಾಕು. ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡುತ್ತದೆ. ಆಗ ಸೊಪ್ಪು ನಿಲ್ಲಿಸಬೇಕು, ಎದ್ದ ಮೇಲೆ ಕೊಡಬೇಕು. ಐದನೇ ಹಂತದಲ್ಲಿ ರಾತ್ರಿ ಹಗಲೆನ್ನದೆ ಮೇಯುತ್ತದೆ, ಆ ಸದ್ದು ಹೆಂಚಿನ ಮೇಲೆ ಜಡಿಮಳೆ ಬಿದ್ದಂತೆ ಇರುತ್ತದೆ. ಆಮೇಲೆ ಹಣ್ಣಾಗುತ್ತದೆ, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಇಷ್ಟನ್ನೂ ಒಳಗೊಂಡ ರೂಟೀನ್ ಬರೆಯಬಹುದು. ಶಾಖದ ಸೆನ್ಸರ್ ಇಟ್ಟು ಹೀಟರಿಗೆ ಪ್ಲಗ್ ಹಾಕಿದರೆ ಮಾತಿನ ಅಗತ್ಯವೂ ಇಲ್ಲ. ಆದರೆ ಗಿರಾಕಿಗಳಿಗೆ ಮಾತೇ ಬೇಕು. ಸಮಸ್ಯೆಯೆಂದರೆ ಹುಳು ಹಣ್ಣಾಗಿದೆಯೋ ಇಲ್ಲವೋ ಎಂದು ಎತ್ತಿ ಬೆಳಕಿಗೆ ಹಿಡಿದು ನೋಡಿ ಹೇಳುವವರು ಯಜಮಾನಿ. ರಾತ್ರಿ ಎರಡು ಗಂಟೆಗೆ ಎದ್ದು ಸೊಪ್ಪು ಹಾಕುವವರೂ ಅವರೇ. ಯಜಮಾನರು ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ "ಹುಳ ನೋಡ್ದಾ?" ಎಂದು ಆದೇಶ ಕೊಡುತ್ತಾರೆ. ಆದೇಶ ಕೊಡುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಇಷ್ಟು ಕಡಿಮೆ ವಿಳಂಬದ ವ್ಯವಸ್ಥೆಯನ್ನು ಕಿತ್ತು ಹೊಸದನ್ನು ಹಾಕುವುದು ಲಾಭದಾಯಕವೇ ಎಂದು ನಾನು ಎಷ್ಟೋ ಗಿರಾಕಿಗಳನ್ನು ಕೇಳಿದ್ದೇನೆ. ಅವರು ಆಫರ್ ಇದೆ ಎನ್ನುತ್ತಾರೆ.

ವಿಚಿತ್ರವೆಂದರೆ ಮನೆಯೊಳಗೆ ಮಾತು ತರಲು ನಾವು ಹೆಣಗುತ್ತಿರುವಾಗ, ಮಾತಿನಿಂದಲೇ ನಡೆಯುತ್ತಿದ್ದ ಜಾಗದಿಂದ ಅದನ್ನು ತೆಗೆದಿದ್ದಾರೆ. ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಹಿಂದೆ ಅಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರುಗಳು ಕೂಗಿ ಕೂಗಿ ಹರಾಜು ನಡೆಯುತ್ತಿತ್ತು. ಈಗ ಇ-ಹರಾಜು. ರೀಲರ್ ಲಾಟಿನ ಗೂಡನ್ನು ಹಿಡಿದು ಅದುಮಿ ನೋಡಿ ಮೊಬೈಲಿನಲ್ಲಿ ಅಂಕಿ ಒತ್ತುತ್ತಾನೆ. ರೈತನಿಗೆ ದರ ತೆರೆಯ ಮೇಲೆ ಕಾಣುತ್ತದೆ. ಪಾರದರ್ಶಕ, ಸದ್ದಿಲ್ಲ, ಒಳ್ಳೆಯದೇ. ದರ ಕಡಿಮೆಯಾದಾಗ ಬೈಯುವುದು ಯಾರನ್ನು ಎಂಬುದೊಂದು ಇತ್ಯರ್ಥವಾಗಿಲ್ಲ.

ಪಂಪಿನ ವಿಷಯದಲ್ಲಿ ನಮ್ಮ ವೃತ್ತಿಗೆ ಹಿನ್ನಡೆಯಾಗಿದೆ, ಅದನ್ನೂ ದಾಖಲಿಸುತ್ತೇನೆ. ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಎಂಬುದು ಸರ್ಕಾರದ ಮಾತು. ಅದು ಹಗಲಿಗೂ ರಾತ್ರಿಗೂ ಸರದಿಯ ಮೇಲೆ ಹಂಚಿಹೋಗಿರುತ್ತದೆ. ನಡುರಾತ್ರಿ ಎದ್ದು ತೋಟಕ್ಕೆ ಹೋಗಬೇಕು. ಕನಕಪುರದ ಕಾಡಂಚಿನಲ್ಲಾದರೆ ಆನೆಯೂ ಅದೇ ಸರದಿಯಲ್ಲಿ ಬರುತ್ತದೆ. ಇದಕ್ಕೆ ರೈತರು ಎಂದೋ ದಾರಿ ಕಂಡುಕೊಂಡಿದ್ದಾರೆ. ಪುಣೆಯ ಸಂತೋಷ್ ಓಸ್ತ್ವಾಲ್ ಎಂಬ ಎಂಜಿನಿಯರ್ 'ನ್ಯಾನೋ ಗಣೇಶ್' ಎಂಬ ಸಾಧನ ಮಾಡಿ, ಮೊಬೈಲಿನಿಂದಲೇ ದೂರದ ಪಂಪು ಹಾಕಿ ಆರಿಸುವುದನ್ನು ರೈತರಿಗೆ ತಲುಪಿಸಿದರು. ಆ ಬಗೆಯ ಸಿಮ್ ಹಾಕುವ ಮೊಬೈಲ್ ಸ್ಟಾರ್ಟರುಗಳು ಈಗ ಹಲವು ಬಗೆಯವು ಸಿಗುತ್ತವೆ. ಮಂಚದಲ್ಲಿ ಮಲಗಿ ಫೋನ್ ಮಾಡಿದರೆ ಡಬ್ಬಿ ಕರೆ ಎತ್ತಿಕೊಳ್ಳುತ್ತದೆ, ಗುಂಡಿ ಒತ್ತಿದರೆ ಮೋಟರ್ ಓಡುತ್ತದೆ. ಕೆಲವು ಡಬ್ಬಿಗಳು ಕನ್ನಡದಲ್ಲೇ ಮಾತಾಡುತ್ತವೆ: ಕರೆಂಟ್ ಇದೆ, ಇಲ್ಲ, ಮೋಟರ್ ಆನ್ ಆಗಿದೆ, ಬಾವಿಯಲ್ಲಿ ನೀರಿಲ್ಲ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಸ್ಪೀಕರುಗಳು ಕನ್ನಡ ಕಲಿಯಲು ಸಮಯ ಕೇಳುತ್ತಿರುವಾಗ, ಶೆಡ್ಡಿನಲ್ಲಿ ಹಲ್ಲಿ ಮೊಟ್ಟೆಯ ಪಕ್ಕ ನೇತಾಡುವ ಸ್ಟಾರ್ಟರ್ ಕನ್ನಡ ಕಲಿತು ಕೂತಿದೆ. ಸಲಹೆಗಾರರನ್ನು ಕರೆಯದೆ ಮಾಡಿದ ಕೆಲಸವಾದ್ದರಿಂದ ಇದನ್ನು ಸ್ಮಾರ್ಟ್ ಎಂದು ಕರೆಯಲು ನನ್ನ ವೃತ್ತಿಧರ್ಮ ಒಪ್ಪುವುದಿಲ್ಲ.

ಭದ್ರತೆ. ಬಾಗಿಲಿನ ಬೀಗ ಮಾತಿಗೆ ತೆರೆಯುವಂತೆ ಮಾಡಬಹುದು. ಕಳ್ಳ ಕಿಟಕಿಯಾಚೆ ನಿಂತು ಕೂಗಿಬಿಟ್ಟಾನೆಂದು ಒಂದು ಗುಪ್ತ ಸಂಖ್ಯೆ ಕೇಳುತ್ತದೆ. ಆ ಗುಪ್ತ ಸಂಖ್ಯೆಯನ್ನು ಬಾಗಿಲ ಮುಂದೆ ನಿಂತು ಗಟ್ಟಿಯಾಗಿ ಹೇಳಬೇಕು. ಒಂದೇ ಸಲ ಕೇಳಿಸದಿದ್ದರೆ ಇನ್ನೂ ಗಟ್ಟಿಯಾಗಿ. ಎದುರು ಮನೆಯ ಜಗಲಿಯಲ್ಲಿ ಬಿಡಿಸುತ್ತಿದ್ದ ಅವರೆಕಾಯಿಯನ್ನು ಪಕ್ಕಕ್ಕಿಟ್ಟು "ಏಳಲ್ಲ, ಒಂಬತ್ತು ಕಣಣ್ಣ" ಎಂದು ನೆನಪಿಸುವ ನೆರೆಹೊರೆ ಇರುವ ಊರಿನಲ್ಲಿ ಇದು ಎಷ್ಟು ಸುಭದ್ರವೋ ಅಷ್ಟೇ ಸುಭದ್ರ. ಕೆಂಗಲ್ ಹನುಮಂತರಾಯನ ದನಗಳ ಜಾತ್ರೆಗೆ ಹೋಗಿ ನೋಡಿದವರಿಗೆ ಬೇರೆ ವಿಧಾನ ಗೊತ್ತಿದೆ. ಹಳ್ಳಿಕಾರ್ ಎತ್ತಿನ ಜೋಡಿಯ ವ್ಯಾಪಾರವನ್ನು ಸಾವಿರ ಜನರ ನಡುವೆ, ಟವೆಲಿನ ಕೆಳಗೆ ಬೆರಳು ಹಿಡಿದು, ಒಂದು ಮಾತೂ ಆಡದೆ ಮುಗಿಸುತ್ತಾರೆ. ಪಕ್ಕದಲ್ಲಿ ನಿಂತ ಎತ್ತಿಗೂ ತನ್ನ ಬೆಲೆ ಗೊತ್ತಾಗುವುದಿಲ್ಲ. ಟವೆಲ್ ಆಧಾರಿತ ಬೀಗದ ಬಗ್ಗೆ ನಾನೊಂದು ಪ್ರಸ್ತಾವ ಸಿದ್ಧಪಡಿಸುತ್ತಿದ್ದೇನೆ.

ಚನ್ನಪಟ್ಟಣದಲ್ಲಿ ಒಂದು ಕುತೂಹಲದ ಸಂಗತಿ ಗಮನಿಸಿದೆ. ಆಲೆ ಮರ ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹಚ್ಚಿ, ಗರಿ ಹಿಡಿದು ಹೊಳಪು ಕೊಡುವ ಗೊಂಬೆಗಳ ಊರು ಅದು. ಗೊಂಬೆ ಅಂಗಡಿಗಳು ಹಳೆಯ ಮೈಸೂರು ರಸ್ತೆಯ ಇಕ್ಕೆಲದಲ್ಲಿವೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು, ಬೈಪಾಸು ಊರಿನ ಹೊರಗೆ ಹಾಯ್ದುಹೋಯಿತು. ಈಗ ಕಾರಿನಲ್ಲಿ ಕೂತ ಹೆಂಡತಿ "ರೀ, ಗೊಂಬೆ ಅಂಗಡಿ ಹತ್ರ ನಿಲ್ಸಿ" ಎನ್ನುತ್ತಾರೆ, ಮಕ್ಕಳು ಹಿಂದಿನಿಂದ ಕೂಗುತ್ತಾರೆ. ಮ್ಯಾಪಿನ ಹೆಣ್ಣುದನಿ 'ನೇರವಾಗಿ ಹೋಗಿ' ಎನ್ನುತ್ತದೆ. ಕಾರು ನೇರವಾಗಿ ಹೋಗುತ್ತದೆ. ಈ ಭಾಗದಲ್ಲಿ ಒಂದು ಮಾತಿಗೂ ಎದುರಾಡದೆ ಗಂಡಸರು ಪಾಲಿಸುವ ಧ್ವನಿ ಆದೇಶ ಇದೊಂದೇ.

ಮತ್ತೆ ಮೊದಲ ನಿಯಮಕ್ಕೆ: ಯಾರ ಮಾತು ನಡೆಯುತ್ತದೆ. ಈ ಪ್ರದೇಶಕ್ಕೆ ಮಾತು ನಡೆಸುವುದರಲ್ಲಿ ಪರಂಪರೆಯೇ ಇದೆ. ಕೆಂಪೇಗೌಡರು ನಾಲ್ಕು ದಿಕ್ಕಿಗೆ ಎತ್ತು ಹೂಡಿಸಿ ಬೆಂಗಳೂರಿನ ಬೀದಿ ಗುರುತು ಮಾಡಿಸಿದರೆಂಬ ಕತೆಯನ್ನು ಮಾಗಡಿಯವರು ಇಂದಿಗೂ ತಮ್ಮ ಮನೆಯ ಸಂಗತಿಯೆಂಬಂತೆ ಹೇಳುತ್ತಾರೆ. ಹೊಸ ಕಾಲಕ್ಕೆ ಬಂದರೆ ಕೆಂಗಲ್ ಹನುಮಂತಯ್ಯ, ಕನಕಪುರದ ಉಪಚುನಾವಣೆಯಲ್ಲಿ ಗೆದ್ದ ರಾಮಕೃಷ್ಣ ಹೆಗಡೆ, ಎಚ್.ಡಿ. ದೇವೇಗೌಡ, ಎಚ್.ಡಿ. ಕುಮಾರಸ್ವಾಮಿ: ನಾಲ್ವರು ಮುಖ್ಯಮಂತ್ರಿಗಳು ಇಲ್ಲಿಯ ಕ್ಷೇತ್ರಗಳನ್ನು ಪ್ರತಿನಿಧಿಸಿದವರು. 2023ರಲ್ಲಿ ಉಪಮುಖ್ಯಮಂತ್ರಿಯಾದ ಡಿ.ಕೆ. ಶಿವಕುಮಾರ್ ಅವರೂ ಕನಕಪುರದ ಶಾಸಕರಾಗಿಯೇ ಆ ಸ್ಥಾನಕ್ಕೆ ಬಂದವರು. ಹೀಗಾಗಿ ಇಲ್ಲಿಯ ಜನಕ್ಕೆ ಧ್ವನಿ ಆದೇಶದ ತತ್ವ ಹುಟ್ಟಿನಿಂದ ಗೊತ್ತು. ನಾವು ಹೇಳಿದರೆ ಆಗುವುದಿಲ್ಲ, ಹೇಳಿಸಬೇಕು. ಖಾತೆ ಬದಲಾವಣೆಯ ಅರ್ಜಿ ಮೇಜಿನ ಮೇಲೆ ಕೂತಿದೆ ಎಂದಿಟ್ಟುಕೊಳ್ಳಿ. ಅರ್ಜಿದಾರ ನೇರವಾಗಿ ಹೋಗಿ ಹೇಳಿದರೆ ಅದು ಅಮಾನ್ಯ ಆದೇಶ. ಅವನು ಊರ ಮುಖಂಡನಿಗೆ ಹೇಳಬೇಕು, ಮುಖಂಡ "ನಮ್ಮುಡ್ಗ ಬತ್ತಾನೆ, ನೋಡಿ ಸಾ" ಎಂದು ಫೋನಿನಲ್ಲಿ ಇನ್ನೊಬ್ಬರಿಗೆ ಹೇಳಬೇಕು, ಅವರು ಮತ್ತೊಬ್ಬರಿಗೆ. ಅಷ್ಟರಲ್ಲಿ ದನಿ ಗುರುತು ಹತ್ತುತ್ತದೆ, ಫೈಲು ಕದಲುತ್ತದೆ. ಸ್ಪೀಕರ್ ಕಂಪನಿಗಳು ಇಂಥದೇ ಸೌಲಭ್ಯವನ್ನು ಧ್ವನಿ ಗುರುತು ಎಂಬ ಹೆಸರಿನಲ್ಲಿ ಮಾರುತ್ತಿವೆ: ಮನೆಯ ಪ್ರತಿಯೊಬ್ಬರೂ ಕೆಲವು ವಾಕ್ಯ ಓದಿ ದನಿ ಕಲಿಸಿಟ್ಟರೆ, ಯಾರು ಮಾತಾಡಿದರೆಂದು ನೋಡಿ ಯಂತ್ರ ಉತ್ತರಿಸುತ್ತದೆ. ನೋಡಿ ಉತ್ತರಿಸುವುದನ್ನು ನಾವು ಅವರಿಗೆ ಹೇಳಿಕೊಡಬಹುದಾಗಿತ್ತು.

ಸಾತನೂರಿನ ಮನೆಯಲ್ಲಿ ನಾಲ್ಕು ದನಿ ಕಲಿಸಬೇಕಿತ್ತು. ಯಜಮಾನರು ಹುರುಪಿನಿಂದ ಓದಿದರು. ಮೊಮ್ಮಗಳು ಓದಿದಳು. ಅಜ್ಜಿ, "ನಾನ್ ಏಳ್ದಾಗ ಕೇಳುಸ್ಕೊಳ್ಳಲಿ ಸಾಕು" ಎಂದು ತಿರಸ್ಕರಿಸಿದರು. ಯಜಮಾನಿಗೆ ಬಿಡುವಾಗಲಿಲ್ಲ: ಒಮ್ಮೆ ಹಾಲು ಕರೆಯುತ್ತಿದ್ದರು, ಒಮ್ಮೆ ಸೊಪ್ಪು ಕೊಯ್ಯಲು ಹೋಗಿದ್ದರು, ಇನ್ನೊಮ್ಮೆ ಮುದ್ದೆ ತಿರುವುತ್ತಿದ್ದರು, ಅದನ್ನು ನಡುವೆ ಬಿಟ್ಟು ಬಂದರೆ ಗಂಟಾಗುತ್ತದೆ. ಅವರ ದನಿ ಇಲ್ಲದೆಯೇ ವ್ಯವಸ್ಥೆಯನ್ನು ಚಾಲನೆ ಮಾಡಿದೆ. ಆದೇಶ ಕೊಡುವವರ ಪಟ್ಟಿಯಲ್ಲಿ ಅವರು ಇಲ್ಲದಿರುವುದರಿಂದ ಯಾವ ಅಡಚಣೆಯೂ ಕಾಣಲಿಲ್ಲ.

ಕೆಲವು ತಿಂಗಳ ನಂತರ ಪರಿಶೀಲನೆಗೆ ಹೋದೆ. ಯಜಮಾನರು ಜಗಲಿಯಲ್ಲಿದ್ದರು. ಅವರಿಗೆ ಪರಮ ತೃಪ್ತಿ. "ಒಂದ್ ದಿನಾನೂ ಕೈ ಕೊಟ್ಟಿಲ್ಲ ಕಣ್ರೀ. ಸುರೂನಲ್ಲಿ ಎರಡ್ ಮೂರ್ ಸಲ ಕೂಗ್ಬೇಕಿತ್ತು, ಈಗ ಒಂದೇ ಮಾತು." ತೋರಿಸುತ್ತೇನೆಂದು ಒಳಕ್ಕೆ ಮುಖ ಮಾಡಿ "ಮೋಟ್ರಾಕ್ಲಾ" ಎಂದರು. ಹಿತ್ತಿಲಿನಲ್ಲಿ ಮೋಟರ್ ಸದ್ದು ಕೇಳಿಸಿತು. "ಪ್ಯಾನ್ ಆಕು" ಎಂದರು. ಫ್ಯಾನ್ ತಿರುಗಿತು. ಇಂಟರ್‌ನೆಟ್ ವೇಗ ಚೆನ್ನಾಗಿರಬೇಕೆಂದು ಗುರುತು ಹಾಕಿಕೊಂಡೆ. ವಾಡಿಕೆಯಂತೆ ಆ್ಯಪ್ ತೆರೆದೆ. ಸ್ಪೀಕರ್ ಆಫ್‌ಲೈನ್. ಕೊನೆಯ ಆದೇಶ ದಾಖಲಾದದ್ದು ಯುಗಾದಿಯ ಹಿಂದಿನ ದಿನ. ರೀಚಾರ್ಜ್ ಮುಗಿದು ರೂಟರ್ ಕಣ್ಣು ಮುಚ್ಚಿ ಆಗಲೇ ಬಹಳ ದಿನವಾಗಿತ್ತು.

ಒಳಗೆ ಹೋಗಿ ನೋಡಿದೆ. ಸ್ಪೀಕರ್ ದೇವರ ಗೂಡಿನ ಪಕ್ಕದಲ್ಲಿ ಕರವಸ್ತ್ರ ಹೊದ್ದು, ವೈರ್ ಸುತ್ತಿಕೊಂಡು ಕೂತಿತ್ತು. ಧೂಳು ಕೂರದಿರಲಿ ಎಂದು ಅಜ್ಜಿ ಹೊದಿಸಿದ್ದು. ಅದರ ಪ್ಲಗ್ಗಿನಲ್ಲಿ ಮಿಕ್ಸಿ. ಸ್ಮಾರ್ಟ್ ಸ್ವಿಚ್ಚಿನ ಕೆಳಗಿನ ಹಳೆಯ ಕಪ್ಪು ಸ್ವಿಚ್ಚಿನ ಸುತ್ತ ಹಿಟ್ಟಿನ ಕೈಯ ಗುರುತು, ಒಂದರ ಮೇಲೊಂದು. ನಾನು ನಿಂತಿದ್ದಾಗಲೇ ಜಗಲಿಯಿಂದ "ಮೋಟ್ರ್ ನಿಲ್ಸು" ಎಂಬ ಆದೇಶ ಬಂತು. ಯಜಮಾನಿ ಒಲೆಯ ಮುಂದಿನಿಂದ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಹಿತ್ತಿಲಿಗೆ ಹೋಗಿ ಬಂದರು. ಸದ್ದು ನಿಂತಿತು. ಒಟ್ಟು ವಿಳಂಬ ಅರ್ಧ ನಿಮಿಷಕ್ಕಿಂತ ಕಡಿಮೆ.

"ಅವ್ರಿಗೆ ಏಳ್ಬೇಡಿ" ಎಂದರು ಮೆಲ್ಲಗೆ. "ಯಂತ್ರುಕ್ಕಾದ್ರೆ ಒಂದೇ ಸಲ ಏಳ್ತಾರೆ. ನನ್ಗಾದ್ರೆ ಬೈದು ಏಳ್ತಾರೆ."

ವರದಿಯಲ್ಲಿ ನಾನು ಎಲ್ಲವನ್ನೂ ವೃತ್ತಿಪರವಾಗಿ ದಾಖಲಿಸಿದ್ದೇನೆ. ವ್ಯವಸ್ಥೆ ಇಂಟರ್‌ನೆಟ್ ಇಲ್ಲದೆ ನಡೆಯುತ್ತಿದೆ. ಕರೆಂಟ್ ಹೋದಾಗಲೂ ನಡೆಯುತ್ತದೆ. ದೀಪದ ಬದಲು ಮೊಂಬತ್ತಿ ಬರುತ್ತದೆ. 'ಅದನ್ನ ಇದ್ರೊಳಗೆ ಹಾಕಿ ಅಲ್ಲಿಡು' ಎಂಬಂಥ ಆದೇಶವನ್ನೂ ಮರುಪ್ರಶ್ನೆಯಿಲ್ಲದೆ ನೆರವೇರಿಸುತ್ತದೆ. ಪೇಟೆಯಲ್ಲಿ ಸಿಗುವ ಯಾವ ಯಂತ್ರಕ್ಕೂ ಈ ಸಾಮರ್ಥ್ಯವಿಲ್ಲ. ಇದೇ ಜೋಡಣೆಯನ್ನು ಉಳಿದ ಮೂರು ತಾಲ್ಲೂಕುಗಳಿಗೂ ಶಿಫಾರಸು ಮಾಡಲು ಹೊರಟಾಗ, ಅಲ್ಲಿ ಈಗಾಗಲೇ ಇದೇ ಇದೆ ಎಂದು ತಿಳಿದುಬಂತು.

ಇಷ್ಟು ಬರೆದುಕೊಳ್ಳುತ್ತಿರುವಾಗ ಮಗ್ಗುಲಲ್ಲಿ ಒಂದು ಲೋಟ ಟೀ ಬಂದು ಕೂತಿತು. ನಾನು ಯಾವ ಆದೇಶವನ್ನೂ ಕೊಟ್ಟಿರಲಿಲ್ಲ. ಹೇಳದೆಯೇ ಬೇಕಾದ್ದನ್ನು ಊಹಿಸಿ ಮಾಡುವ ಈ ಸೌಲಭ್ಯಕ್ಕಾಗಿ ಕಂಪನಿಗಳು ವರ್ಷಗಳಿಂದ ಹೆಣಗುತ್ತಿವೆ. ಸಕ್ಕರೆ ಮಾತ್ರ ಸ್ವಲ್ಪ ಹೆಚ್ಚಾಗಿತ್ತು. ಮುಂದಿನ ಆವೃತ್ತಿಯಲ್ಲಿ ಸರಿಪಡಿಸಬೇಕೆಂದು ಷರಾ ಬರೆದಿದ್ದೇನೆ.